ಗರ ಕೂಗದ ಆಟ

"ಪಗಡೆಯಲ್ಲಿ ನನ್ನನ್ನು ಸೋಲಿಸುವವನು ಇನ್ನೂ ಹುಟ್ಟಿಲ್ಲ!"

ಗಿಣಿಗಲ್ಲು ಕೋಟೆಯ ದೊರೆ ಗುಡದಪ್ಪನಾಯಕ ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳಿ ಮೀಸೆ ತಿರುವುತ್ತಿದ್ದ. ಹುಟ್ಟಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆಡಿಸುವುದಕ್ಕೆ ತಲೆ ಕತ್ತಿನ ಮೇಲೆ ಇರಬೇಕಲ್ಲ.

ಗುಟ್ಟು ಇಷ್ಟೇ. ಕಿರೀಟ ಹೊತ್ತ ತಲೆ ಬಗ್ಗಿ ನೆಲ ನೋಡಬಾರದು ಎಂಬುದು ಆ ಮನೆತನದ ಪದ್ಧತಿ. ಆದ್ದರಿಂದ ದೊರೆ ಲೋಡಿಗೆ ಒರಗಿ ಛಾವಣಿ ನೋಡುತ್ತ ಕೂರುತ್ತಿದ್ದ. ದಾಳ ಉರುಳಿಸುವುದು, ಬಿದ್ದ ಗರ ಕೂಗುವುದು, ಕಾಯಿ ನಡೆಸುವುದು ಎಲ್ಲವೂ ಊಳಿಗದ ಮಲ್ಲಪ್ಪನ ಕೆಲಸ. ದಾಳದಲ್ಲಿ ಎಷ್ಟೇ ಬೀಳಲಿ, ಮಲ್ಲಪ್ಪ "ಹನ್ನೆರಡು!" ಎಂದು ಕೂಗುತ್ತಿದ್ದ. ಎದುರು ಕೂತವರಿಗೆ ಕಣ್ಣಿತ್ತು, ಬಾಯಿ ಇರಲಿಲ್ಲ.

ಹೊಸದಾಗಿ ಮದುವೆಯಾಗಿ ಬಂದ ರಾಣಿ ಸಿದ್ದವ್ವನಾಗತಿಗೆ ಎರಡೂ ಇದ್ದವು.

"ಬಿದ್ದದ್ದು ಮೂರು, ಕೂಗಿದ್ದು ಹನ್ನೆರಡು. ನಾನು ಆಡುತ್ತಿರುವುದು ಗಂಡನ ಜೊತೆಗೋ, ಈ ಮಲ್ಲಪ್ಪನ ಗಂಟಲಿನ ಜೊತೆಗೋ?" ಎಂದು ಪಗಡೆಹಾಸು ಮಡಚಿಟ್ಟಳು.

ದೊರೆ ಕೆಂಡವಾದ. "ಆಡುವುದಕ್ಕೆ ಬಾರದವಳು ಅಂಗಳ ಡೊಂಕು ಅಂದಳಂತೆ!"

"ಸರಿ. ನೀವು ನಿಮ್ಮ ಮಲ್ಲಪ್ಪನ ಜೊತೆ ಸುಖವಾಗಿರಿ. ನಾನು ತವರಿಗೆ ಹೊರಟೆ" ಎಂದು ರಾಣಿ ಪಲ್ಲಕ್ಕಿ ತರಿಸಿದಳು.

ಪಲ್ಲಕ್ಕಿ ಬಂದು ಬಾಗಿಲಲ್ಲಿ ನಿಂತಿತು. ಅದನ್ನು ಹೊತ್ತು ತಂದ ಬೋಯಿಗಳು ಊಟಕ್ಕೆ ಕೂತರು. ಅವಳು ಹೋಗುವುದು ದೊರೆಗೆ ಒಂದಿಷ್ಟೂ ಬೇಕಿರಲಿಲ್ಲ. ಆದರೆ 'ಇರು' ಎನ್ನುವ ಎರಡಕ್ಷರಕ್ಕೆ ಅವನ ನಾಲಗೆ ಏಳಲಿಲ್ಲ. ಹೆಂಡತಿಗೆ ಹೇಳಲಾಗದ್ದನ್ನು ಹೇಳಿಸಿಕೊಳ್ಳುವುದಕ್ಕೆ ಆಸ್ಥಾನದಲ್ಲಿ ಯಾರಾದರೊಬ್ಬರು ಬೇಕಲ್ಲ. ಇದ್ದನಲ್ಲ ಮಾತಿನಮಲ್ಲ ಕೊಂಡಪ್ಪ, ಪಗಡೆಯಲ್ಲಿ ದೊರೆಗೆ ದಿನವೂ ಸೋಲುತ್ತಿದ್ದವರಲ್ಲಿ ಒಬ್ಬ, ಅವನನ್ನು ಕರೆಸಿದ.

"ಕೊಂಡಪ್ಪ, ನಾನೂ ರಾಣಿಯೂ ಆಡುವಂಥ ಒಂದು ಆಟ ಹುಡುಕು. ಅದರಲ್ಲಿ ನಾನು ಸೋಲಬಾರದು. ಅವಳು ಸೋತರೆ ಹೊರಟುಬಿಡುತ್ತಾಳೆ, ಆದ್ದರಿಂದ ಅವಳೂ ಸೋಲಬಾರದು. ಬೇಕೆಂದೇ ಸೋತುಕೊಡುವಂತೆಯೂ ಇಲ್ಲ, ಅವಳಿಗೆ ತಿಳಿದುಹೋಗುತ್ತದೆ. ಬೋಯಿಗಳ ಊಟ ಮುಗಿಯುವುದರೊಳಗೆ ಆಟ ಶುರುವಾಗಬೇಕು."

"ಆಗದಿದ್ದರೆ, ಬುದ್ಧೀ?"

"ರಾಣಿಯ ಪೆಟ್ಟಿಗೆ ಹೊತ್ತು ಪಲ್ಲಕ್ಕಿಯ ಹಿಂದೆ ನೀನೂ ಓಡು. ತಿರುಗಿ ಈ ಕೋಟೆಗೆ ಕಾಲಿಡಬೇಡ."

ಕೊಂಡಪ್ಪ ತಲೆ ಕೆರೆದುಕೊಂಡ. ಆಮೇಲೆ ಅಡುಗೆಮನೆಗೆ ಹೋಗಿ ಒಂದು ತುಂಡು ಇದ್ದಿಲು, ಒಂದು ಹಿಡಿ ಹುಣಸೆಬೀಜ, ಮೂರು ಅಡಿಕೆ ತಂದ. ನೆಲದ ಮೇಲೆ ಗೆರೆ ಎಳೆದ.

"ಹುಲಿಕಟ್ಟು, ಬುದ್ಧೀ. ಅಡಿಕೆ ಹುಲಿ, ಬೀಜ ಆಡು. ಹುಲಿ ಹಾರಿ ಆಡನ್ನು ತಿನ್ನಬೇಕು, ಆಡುಗಳು ಸೇರಿ ಹುಲಿಯನ್ನು ಕಟ್ಟಿಹಾಕಬೇಕು. ದಾಳವಿಲ್ಲ, ಗರವಿಲ್ಲ. ಮಲ್ಲಪ್ಪನ ಗಂಟಲಿಗೂ ಒಂದಿಷ್ಟು ಬಿಡುವು."

"ನೆಲ ನೋಡಬೇಕಲ್ಲಯ್ಯ! ಕಿರೀಟ ಹೊತ್ತ ತಲೆ..."

"ಕಿರೀಟ ತೆಗೆದಿಡಿ. ಆಮೇಲೆ ಉಳಿಯುವುದು ಬರೀ ತಲೆ. ಅದು ಎಲ್ಲಿ ಬೇಕಾದರೂ ನೋಡಬಹುದು. ಇನ್ನೊಂದು ಮಾತು. ಆಟ ಮುಗಿಯಿತು ಎಂದು ತಾವೇ ಅಪ್ಪಣೆ ಕೊಡುವ ತನಕ ನಾನು ಈ ಗೆರೆ ಅಳಿಸುವುದಿಲ್ಲ. ಒಪ್ಪಿಗೆಯೋ?"

"ಒಪ್ಪಿದೆ" ಎಂದ ದೊರೆ. ಇಂಥ ಸಣ್ಣ ಮಾತಿಗೆ ಒಪ್ಪದೆ ಇರುವುದಕ್ಕೆ ಏನಿದೆ?

ಮಲ್ಲಪ್ಪ ಸುಮ್ಮನಿರುತ್ತಾನೆಂದು ಕೇಳಿ ರಾಣಿಯೂ ಬಂದು ಕೂತಳು. ದೊರೆ ಹುಲಿಗಳನ್ನೇ ಎತ್ತಿಕೊಂಡ. ದೊರೆಗಳು ಇನ್ನೇನು ಎತ್ತಿಕೊಳ್ಳುತ್ತಾರೆ?

ನೋಡುನೋಡುತ್ತಿದ್ದಂತೆ ಮೂರು ಹುಲಿಗಳೂ ಮೂಲೆ ಸೇರಿದವು.

"ಇದೇನಿದು, ಎತ್ತಲೂ ಹೋಗುವುದಕ್ಕೆ ಆಗುತ್ತಿಲ್ಲ!"

"ಗುರುಗುಟ್ಟಿದರೆ ದಾರಿ ಬಿಡುವುದಕ್ಕೆ ಅವೇನು ನಿಮ್ಮ ಮಂತ್ರಿಗಳೇ? ಆಡುಗಳು" ಎಂದಳು ರಾಣಿ.

"ಇನ್ನೊಂದು ಆಟ! ಈ ಸಲ ಆಡು ನನಗೆ."

ಈ ಸಲ ರಾಣಿಯ ಹುಲಿಗಳು ಅವನ ಮಂದೆಯನ್ನೇ ಮುಗಿಸಿದವು. ಹುಲಿ ತಿಂದ ಬೀಜವೊಂದನ್ನು ದೊರೆ ಮೆಲ್ಲಗೆ ಮತ್ತೆ ಗೆರೆಯ ಮೇಲಿಡಲು ಹೋದ. ರಾಣಿ ಪಟ್ಟನೆ ಅವನ ಕೈಗೊಂದು ಏಟು ಹಾಕಿದಳು. ಬಾಗಿಲಲ್ಲಿದ್ದ ಕಾವಲಿನವರು ಉಸಿರು ಬಿಗಿಹಿಡಿದರು. ದೊರೆ ಕೈ ಉಜ್ಜಿಕೊಂಡು ಗಹಗಹಿಸಿ ನಕ್ಕ. ಅವನ ಕೈಗೆ ಇದುವರೆಗೆ ಯಾರೂ ಹೊಡೆದಿರಲಿಲ್ಲ, ಪಾಪ. ಅದು ಅವನಿಗೆ ಬಹಳ ಹಿಡಿಸಿತು.

"ಇನ್ನೊಂದು!"

ಬೋಯಿಗಳು ಉಂಡರು, ಎಲೆಯಡಿಕೆ ಹಾಕಿಕೊಂಡರು, ಪಲ್ಲಕ್ಕಿಯ ನೆರಳಿನಲ್ಲಿ ಮಲಗಿ ಗೊರಕೆ ಹೊಡೆದರು. ಒಳಗೆ "ಇನ್ನೊಂದು, ಇನ್ನೊಂದೇ ಒಂದು" ನಡೆದೇ ಇತ್ತು. ದೊರೆ ಈಗ ಹೊಟ್ಟೆಯ ಮೇಲೆ ಮಲಗಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಆಡುತ್ತಿದ್ದ.

ಇದನ್ನೆಲ್ಲ ನೋಡುತ್ತ ನಿಂತ ಮಲ್ಲಪ್ಪನಿಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಇದೇ ಆಟ ಕಾಯಂ ಆದರೆ ತನ್ನ ಉದ್ಯೋಗಕ್ಕೆ ಸಂಚಕಾರ. ಗಂಟಲು ಸರಿಮಾಡಿಕೊಂಡು ಕೂಗಿಯೇಬಿಟ್ಟ: "ದೊರೆಗಳಿಗೆ ಐದು ಸೋಲು!"

ಅವನು ಜನ್ಮದಲ್ಲಿ ನಿಜ ಕೂಗಿದ್ದು ಅದೇ ಮೊದಲು.

ದೊರೆ ಧಡಕ್ಕನೆ ಎದ್ದು ಕೂತ. "ಹೌದಲ್ಲ! ಕೊಂಡಪ್ಪ, ನಾನು ಸೋಲಬಾರದು ಅಂದಿರಲಿಲ್ಲವೇ? ಐದು ಸಲ ಸೋತಿದ್ದೇನೆ. ಎತ್ತು ಪೆಟ್ಟಿಗೆ!"

ರಾಣಿಯ ಮುಖ ಸಣ್ಣದಾಯಿತು. ಕೊಂಡಪ್ಪ ಮಾತ್ರ ಒದ್ದೆ ಬಟ್ಟೆ ಹಿಡಿದು ಗೆರೆಯ ಹತ್ತಿರ ಬಗ್ಗಿದ.

"ಆಗಲಿ ಬುದ್ಧೀ. ಹಾಗಾದರೆ ಆಟ ಮುಗಿಯಿತು ತಾನೇ? ಗೆರೆ ಅಳಿಸುತ್ತೇನೆ. ಬೋಯಿಗಳನ್ನೂ ಎಬ್ಬಿಸುತ್ತೇನೆ."

ದೊರೆ ಎರಡೂ ಕೈಗಳನ್ನು ಗೆರೆಯ ಮೇಲೆ ಚಾಚಿ ಅಡ್ಡಬಿದ್ದ. "ಮುಟ್ಟಬೇಡ! ಮುಗಿಯಿತು ಅಂತ ಯಾರು ಹೇಳಿದರು?"

"ತಾವು ಹೇಳಲಿಲ್ಲವೇ?"

"ಇಲ್ಲ! ಇನ್ನೂ ಮುಗಿದಿಲ್ಲ!"

"ಮುಗಿಯದ ಆಟದಲ್ಲಿ ಸೋತವರು ಯಾರು, ಬುದ್ಧೀ?"

ರಾಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳ ನಗು ಕೇಳಿ ದೊರೆಗೂ ತಡೆಯಲಾಗಲಿಲ್ಲ. ಪಲ್ಲಕ್ಕಿಯನ್ನು ಉಗ್ರಾಣಕ್ಕೆ ಹೊತ್ತುಕೊಂಡು ಹೋಗಲು ಹೇಳಿ, ತನ್ನ ಕೈಯ ಕಡಗ ಬಿಚ್ಚಿ ಕೊಂಡಪ್ಪನಿಗೆ ಕೊಟ್ಟ.

"ಇನ್ನೇನು ಬೇಕೋ ಕೇಳು."

"ಇನ್ನು ಮೇಲೆ ನನ್ನನ್ನು ಪಗಡೆಗೆ ಕರೆಯಬೇಡಿ ಬುದ್ಧೀ. ಸೋಲುವುದೇ ಆದರೆ ಅರಮನೆಯ ತನಕ ಯಾಕೆ ಬರಲಿ? ಮನೆಯಲ್ಲೇ ಹೆಂಡತಿ ಇದ್ದಾಳೆ."