ಕೊನೆಯ ಎಲೆ

ಹರಿಯುವ ಹೊಳೆಗೂ ಕಾಯುವ ದಡಕ್ಕೂ ಒಡೆಯನಾದ ಶಿವನೇ, ನಿನಗೆ ಶರಣು. ಹಸಿದವನ ಮುಂದೆ ಅನ್ನವಾಗಿ ಬರುವವನೇ, ಈ ಮಾತು ನಿನ್ನ ಪಾದಕ್ಕೆ.

ಒಂದು ಹೊಳೆ. ಹೊಳೆಯ ದಂಡೆಗೆ ಬೆಳೆಯುತ್ತಿದ್ದ ಒಂದು ಊರು. ಊರ ನಡುವೆ, ಮೆಟ್ಟಿಲುಗಳ ಮೇಲೆ, ಒಂದು ಹಳೆಯ ಮಠ.

ಮಠದ ಚೆನ್ನವೀರ ಸ್ವಾಮಿಗಳನ್ನು ಎಲ್ಲರೂ 'ಬುದ್ಧಿ' ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯ ಗುರುಮಲ್ಲ. ಮಠದಲ್ಲಿ ಉಂಡು, ಮಠದಲ್ಲಿ ಮಲಗಿ ಕಾಲೇಜು ಓದಿದವನು. ಈಗ ದಂಡೆಯ ಉದ್ದಕ್ಕೂ ಟ್ರಾಮ್ ಓಡಿಸುವ ಯೋಜನೆಗೆ ಅವನೇ ಹಿರಿಯ ಎಂಜಿನಿಯರು.

ಸೋಮವಾರ ನಕ್ಷೆಗೆ ಮೊಹರು ಬೀಳುವುದಿತ್ತು. ಭಾನುವಾರ ಬೆಳಿಗ್ಗೆ ಅವನು ನಕ್ಷೆಯನ್ನು ಸುತ್ತಿಕೊಂಡು ಮಠಕ್ಕೆ ಬಂದ.

"ಇದರ ಮೇಲೆ ನಿಮ್ಮ ಕೈ ಇಡಬೇಕು ಬುದ್ಧಿ."

"ಏನಿದೆ ಇದರಲ್ಲಿ?"

"ಮೇಲುಗಡೆ ಹೊಸ ಬಡಾವಣೆಯಿಂದ ಟ್ರಾಮ್ ಹೊರಡುತ್ತದೆ. ದಂಡೆಗುಂಟ ಬಂದು, ಕೊನೆಗೆ ಅಂಬಿಗರ ಕೇರಿಯಲ್ಲಿ ನಿಂತು, ಸೇತುವೆ ದಾಟಿ ಪೇಟೆಗೆ ಹೋಗುತ್ತದೆ. ಬೆಳಗಿನ ಒಂದು ಗಂಟೆಯಲ್ಲಿ ಒಂಬೈನೂರು ಜನ. ಆರು ಟ್ರಾಮ್, ಒಂದೊಂದಕ್ಕೆ ನೂರೈವತ್ತು. ಎಲ್ಲರಿಗೂ ಜಾಗವಿದೆ."

ಕಂಬದ ಬಳಿ ಸೊಪ್ಪು ಬಿಡಿಸುತ್ತಿದ್ದ ತಾಯಮ್ಮ ತಲೆ ಎತ್ತಿದಳು. ಅಂಬಿಗರ ಕೇರಿಯವಳು. ವಾರವೆಲ್ಲ ಪೇಟೆಯ ಆಸ್ಪತ್ರೆಯಲ್ಲಿ ಕಸ ಗುಡಿಸಿ, ಭಾನುವಾರ ಮಠದ ಅಡುಗೆಗೆ ಬರುವವಳು.

"ಏನ್ ಮಲ್ಲಪ್ಪ, ನಿನ್ ಟ್ರಾಮು ನಮ್ ಕೇರಿಲೂ ನಿಂತ್ಕತದಾ?"

"ನಿಂತ್ಕೊಳ್ಳುತ್ತೆ ತಾಯಕ್ಕ."

"ಈಗಿನ್ ಬಸ್ಸೂ ನಿಂತ್ಕತದೆ ಕಣಪ್ಪ. ಬಾಗಿಲಲ್ಲಿ ಕಾಲಿಡಾಕೆ ಜಾಗ ಇರಕಿಲ್ಲ. ಒಳಗಿರೋರ್ ಮಕ ನೋಡ್ಕಂಡು ನಾನ್ ನಡ್ಕಂಡೋಯ್ತೀನಿ. ಈ ತಿಂಗಳು ಎರಡು ಸಲ ಹಾಜರಿ ತಪ್ಪೋಯ್ತು. ಮೂರನೇದು ತಪ್ಪಿದ್ರೆ ಮನೇಲೇ ಇರು ಅಂದವ್ರೆ."

"ಟ್ರಾಮಲ್ಲಿ ಹಾಗಾಗಲ್ಲ ಅಕ್ಕ. ಲೆಕ್ಕ ಹಾಕಿದ್ದೀನಿ."

"ಲೆಕ್ಕಕ್ಕೇನು, ಅದು ಕೂತ್ಕಂಡೇ ಹೋಯ್ತದೆ," ಎಂದು ಅವಳು ಸೊಪ್ಪಿನತ್ತ ತಿರುಗಿದಳು.

ಸ್ವಾಮಿಗಳು ನಕ್ಕರು. ನಕ್ಷೆಯ ಮೇಲೆ ಕೈ ಇಡಲಿಲ್ಲ.

"ಮಲ್ಲ, ಈವತ್ತು ಪಂಕ್ತಿಗೆ ಅನ್ನ ನೀನು ಬಡಿಸು. ನೂರು ಎಲೆ. ಅನ್ನವೂ ನೂರು ಎಲೆಗೆ ಆಗುವಷ್ಟೇ ಇದೆ."

"ನನ್ನ ಭಾಗ್ಯ ಬುದ್ಧಿ. ಕಾಲೇಜಿನಿಂದ ಓಡಿ ಬಂದು ನಾನು ಕೂರುತ್ತಿದ್ದದ್ದು ಯಾವಾಗಲೂ ಕೊನೆಯ ಎಲೆಗೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಆ ಎಲೆ ಖಾಲಿ ಇರಲಿಲ್ಲ. ಈ ಮಠದ ಋಣ ನಾನು ಹೇಗೆ ತೀರಿಸಲಿ?"

"ಸೌಟು ತಗೋ."

ಗುರುಮಲ್ಲ ಪಂಕ್ತಿಯ ಮೊದಲಿನಿಂದ ಶುರು ಮಾಡಿದ. ಕೃತಜ್ಞತೆಯಿಂದ ಅವನ ಕೈ ಧಾರಾಳವಾಗಿತ್ತು.

"ಇನ್ನೊಂದು ಚೂರು ಹಾಕಪ್ಪ," ಎಂದರು ಒಬ್ಬರು. ಹಾಕಿದ.

"ಮಗೂನೂ ಜೊತೇಲಿದೆ," ಎಂದರು ಇನ್ನೊಬ್ಬರು. ಹಾಕಿದ.

ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಕಸಿದುಕೊಳ್ಳಲಿಲ್ಲ. ಎಪ್ಪತ್ತಾರನೆಯ ಎಲೆಗೆ ಸೌಟು ಪಾತ್ರೆಯ ತಳ ಕೆರೆಯಿತು.

ಅವನು ತಲೆ ಎತ್ತಿದ. ಮುಂದೆ ಇಪ್ಪತ್ತನಾಲ್ಕು ಬರಿಯ ಎಲೆಗಳು. ಕೊನೆಯದಕ್ಕಿಂತ ಒಂದು ಹಿಂದೆ ತಾಯಮ್ಮ ಕೂತಿದ್ದಳು. ಕೊನೆಯ ಎಲೆಯ ಮುಂದೆ ಸ್ವಾಮಿಗಳು.

"ಬುದ್ಧಿ, ಅನ್ನ ನೂರು ಜನಕ್ಕೆ ಸರಿಯಾಗಿತ್ತು."

"ಹೌದು. ನಿನ್ನ ಲೆಕ್ಕ ಸರಿಯಾಗಿದೆ. ನನ್ನ ಎಲೆ ಖಾಲಿಯಾಗಿದೆ."

ಗುರುಮಲ್ಲ ಸೌಟಿನಿಂದ ಪಾತ್ರೆಯ ತಳವನ್ನು ಇನ್ನೊಮ್ಮೆ ಕೆರೆದ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಕೊನೆಯ ಎಲೆಗೆ ಅನ್ನ ಬೀಳದೆ ಮೊದಲ ಎಲೆಯವರು ಕೈ ಹಾಕುತ್ತಿರಲಿಲ್ಲ. ಎಪ್ಪತ್ತಾರು ಜನ ಅನ್ನದ ಮುಂದೆ ಸುಮ್ಮನೆ ಕೂತಿದ್ದರು. ಅನ್ನದ ಆವಿ ಕಡಿಮೆಯಾಗುತ್ತಿತ್ತು.

ಆಗ ಮೊದಲ ಎಲೆಯ ಮುದುಕರು, ನಿವೃತ್ತ ಮೇಷ್ಟ್ರು, ಕರೆದರು.

"ಬಾರಪ್ಪ ಇಲ್ಲಿ. ನನ್ನ ಎಲೆಯಿಂದ ತಗೋ. ಇನ್ನೂ ಮುಟ್ಟಿಲ್ಲ, ಎಂಜಲಾಗಿಲ್ಲ."

"ನನ್ನದರಿಂದಲೂ ತಗೋ."

"ಇಲ್ಲೂ ಜಾಸ್ತಿ ಬಿದ್ದಿದೆ."

ಗುರುಮಲ್ಲ ಬಾಗಿ ಬಾಗಿ, ಎಲೆಯಿಂದ ಎಲೆಗೆ ಹೋಗಿ, ಕೊಟ್ಟ ಅನ್ನವನ್ನು ಮತ್ತೆ ಬೇಡಿ ತಂದ. ಪಾತ್ರೆ ತುಂಬುತ್ತಾ ಬಂತು. ಅವನ ಕಣ್ಣೂ ತುಂಬಿತು.

ಎಪ್ಪತ್ತೇಳನೆಯ ಎಲೆಯತ್ತ ಅವನು ನಡೆದಾಗ ಸ್ವಾಮಿಗಳು ಕೂಗಿದರು.

"ಅಲ್ಲಿಂದ ಬೇಡ. ಈ ತುದಿಯಿಂದ ಬಾ."

ಅವನು ಕೊನೆಗೆ ಬಂದು ಸ್ವಾಮಿಗಳ ಎಲೆಗೆ ಸೌಟು ಚಾಚಿದ. ಅವರು ಎಲೆಗೆ ಕೈ ಅಡ್ಡ ಹಿಡಿದು ತಾಯಮ್ಮನ ಕಡೆ ತೋರಿಸಿದರು.

"ಸಾಕು ಸಾಕು ಮಲ್ಲಪ್ಪ," ಎಂದಳು ತಾಯಮ್ಮ. "ಬುದ್ಧಿಯೋರ್ಗೂ ಒಂದ್ ಅಗುಳು ಇರ್ಲಿ. ಆಮೇಲೆ ನನ್ ಬೈದಾರು."

ಪಂಕ್ತಿ ನಕ್ಕಿತು. ನೂರು ಎಲೆಗೂ ಅನ್ನ ಬಿತ್ತು. ಎಲ್ಲರೂ ಶಿವನನ್ನು ನೆನೆದು ಒಟ್ಟಿಗೆ ಕೈ ಹಾಕಿದರು.

ಊಟವಾದ ಮೇಲೆ ಗುರುಮಲ್ಲ ಹೊಳೆಯ ಮೆಟ್ಟಿಲ ಮೇಲೆ ನಕ್ಷೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು ಕೂತ. ಬಹಳ ಹೊತ್ತು ನೋಡಿದ. ಆಮೇಲೆ ಪೆನ್ಸಿಲ್ ತೆಗೆದ.

ಸ್ವಾಮಿಗಳು ಕೈ ತೊಳೆದು ಬಂದು ಪಕ್ಕದಲ್ಲಿ ಕೂತರು.

"ಏನು ಬರೆದೆ?"

"ಬಡಾವಣೆಯಲ್ಲಿ ಈಗ ಆರುನೂರು ಜನ ಹತ್ತುತ್ತಾರೆ. ವರ್ಷ ವರ್ಷವೂ ಅಲ್ಲಿ ಮನೆಗಳು ಏಳುತ್ತವೆ. ಇನ್ನೆರಡು ವರ್ಷಕ್ಕೆ ಆರು ಟ್ರಾಮೂ ಅಲ್ಲೇ ತುಂಬಿಬಿಡುತ್ತವೆ. ಕೇರಿಯಲ್ಲಿ ಬರೀ ನಿಲ್ಲುತ್ತವೆ. ಅದಕ್ಕೆ ನಾಲ್ಕು ಮಾತ್ರ ಮೇಲಿನಿಂದ ಹೊರಡಲಿ. ಎರಡು ಖಾಲಿಯಾಗಿ ಅಂಬಿಗರ ಕೇರಿಯಿಂದಲೇ ಹೊರಡಲಿ."

"ಒಳ್ಳೆಯದು."

"ಆದರೆ ಬುದ್ಧಿ, ಹತ್ತು ನಿಮಿಷಕ್ಕೊಂದು ಟ್ರಾಮ್ ಅಂತ ಬಡಾವಣೆಯವರಿಗೆ ಮಾತು ಕೊಟ್ಟಿದ್ದೆ. ಈಗ ಹದಿನೈದು ನಿಮಿಷಕ್ಕೊಂದು. ಅವರು ಐದು ನಿಮಿಷ ಹೆಚ್ಚು ಕಾಯಬೇಕು. ನಾಳೆ ಸಭೆಯಲ್ಲಿ ನನ್ನನ್ನು ಹರಿದು ತಿನ್ನುತ್ತಾರೆ. ತಮ್ಮ ಕಣ್ಣಿಗೆ ಕಾಣದ ಯಾರಿಗೋ ಐದು ನಿಮಿಷ ಯಾರು ಕಾಯುತ್ತಾರೆ?"

ಸ್ವಾಮಿಗಳು ನಕ್ಷೆಯ ಮೇಲೆ ಕೈ ಇಟ್ಟರು. ನೀರಿನ ಕಡೆ ನೋಡುತ್ತಾ ಕೇಳಿದರು.

"ನಾಲ್ಕು ವರ್ಷ, ನೀನು ಕಾಲೇಜಿನಿಂದ ಓಡಿ ಬರುವ ತನಕ ಈ ಪಂಕ್ತಿ ಅನ್ನ ಮುಟ್ಟದೆ ಕೂತಿರುತ್ತಿತ್ತಲ್ಲ ಮಲ್ಲ, ಎಷ್ಟು ಹೊತ್ತು ಕಾದೆವು ಅಂತ ಒಬ್ಬರಾದರೂ ನಿನಗೆ ಹೇಳಿದರೇ?"

ಇದನ್ನು ಕೇಳಿದ ನಿಮ್ಮೆಲ್ಲರ ಎಲೆಯೂ ತುಂಬಿರಲಿ. ನೀವು ಹೊರಟ ದಾರಿಯಲ್ಲಿ ನಿಮಗೊಂದು ಜಾಗವಿರಲಿ. ನಿಮಗಾಗಿ ಕಾದವರೆಲ್ಲರನ್ನೂ ಶಿವನು ತಣ್ಣಗಿಟ್ಟಿರಲಿ.