ಮಡ್‌ಗಾರ್ಡಿನೊಳಗಿನ ತಗಡು

ಕಪಿಲೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ವಿಶ್ವಂಭರ ಗುರುಗಳು ಶಿಷ್ಯರ ಕೈಗೆ ಜಪಮಣಿಗಿಂತ ಮೊದಲು ಸುತ್ತಿಗೆ ಕೊಡುತ್ತಿದ್ದರು. ಹಳೆಯ ಕಾರುಗಳನ್ನು ಸರಿಮಾಡುವುದೇ ಅಲ್ಲಿಯ ಪಾಠ.

ಶಿಷ್ಯ ಸುಧನ್ವನಿಗೆ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಮೈಸೂರಿನಲ್ಲಿ ತನ್ನದೇ ಗ್ಯಾರೇಜು ತೆರೆಯಬೇಕು. ಅದಕ್ಕೆ ಗುರುಗಳ ಅಪ್ಪಣೆ ಬೇಕು. ಅಪ್ಪಣೆ ಕೇಳಿದಾಗಲೆಲ್ಲ ಅವರು ಹೊಸದೊಂದು ಕೆಲಸ ಹೇಳುತ್ತಿದ್ದರು.

ಈ ಸಲದ್ದು ಷೆಡ್ಡಿನಲ್ಲಿದ್ದ ಕೆಂಪು ಸ್ಪೋರ್ಟ್ಸ್ ಕಾರಿನ ಕೆಲಸ. ಇಬ್ಬರೇ ಕೂರುವ, ನೆಲಕ್ಕೆ ಅಂಟಿದಂತಿರುವ ಹಳೆಯ ಕಾರು. ಚಕ್ರ ಎರಚಿದ ಕೆಸರು ಕೂತು ಮುಂದಿನ ಮಡ್‌ಗಾರ್ಡುಗಳು ಒಳಗಿನಿಂದ ತುಕ್ಕು ಹಿಡಿದಿದ್ದವು.

"ತುಕ್ಕು ತೆಗೆದಾಯಿತು. ಇನ್ನು ಒಳಮೈಗೆ ತಗಡಿನ ಕವಚ ಕೂರಿಸು," ಎಂದರು ಗುರುಗಳು.

"ಅದಾದ ಮೇಲೆ ಹೋಗಬಹುದೇ?"

"ಅದಾದ ಮೇಲೆ ಕೇಳು."

ಸುಧನ್ವ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ ಚಕ್ರ ಬಿಚ್ಚಿದ. ರಟ್ಟಿನಲ್ಲಿ ಅಚ್ಚು ಕತ್ತರಿಸಿದ. ಅಲ್ಯೂಮಿನಿಯಂ ತಗಡನ್ನು ಮರಳು ಚೀಲದ ಮೇಲಿಟ್ಟು ಬಡಿದು ಬಾಗಿಸಿದ. ಅಂಚಿಗೆ ರಬ್ಬರು ಪಟ್ಟಿ ಸುತ್ತಿ ಬೋಲ್ಟು ಬಿಗಿದ. ಚಕ್ರ ಹಾಕಿ ಆ ಕಡೆ ಈ ಕಡೆ ತಿರುಗಿಸಿದ. ಚಕ್ರಕ್ಕೂ ಕವಚಕ್ಕೂ ನಡುವೆ ಬೆರಳು ಸರಾಗವಾಗಿ ಆಡುತ್ತಿತ್ತು.

ಕೆಲಸ ಅಂದವಾಗಿತ್ತು. ಅದು ಅವನಿಗೂ ಗೊತ್ತಿತ್ತು. ಕೈ ಕೂಡ ತೊಳೆಯದೆ ಓಡಿದ.

"ಗುರುಗಳೇ, ಆಯಿತು!"

ಗುರುಗಳು ಬಂದರು. ಬಗ್ಗಿ ನೋಡಲಿಲ್ಲ. "ಕಾರನ್ನು ನೆಲಕ್ಕಿಳಿಸು," ಎಂದವರೇ ಅಡುಗೆಮನೆಯ ಕಡೆ ಕೂಗಿದರು: "ಚೆಲುವಮ್ಮ, ಸ್ವಲ್ಪ ಬಾ ತಾಯಿ!"

ಅಡುಗೆಯ ಚೆಲುವಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಅವರು ನಿಂತರೆ ಬಾಗಿಲು ತುಂಬುತ್ತಿತ್ತು.

"ಕಾರಿನಲ್ಲಿ ಕೂತುಕೋ."

"ಇದರೊಳಗಾ? ಆಮೇಲೆ ಎಬ್ಬಿಸುವವರು ಯಾರು ಸ್ವಾಮಿ?"

"ಸುಧನ್ವ ಇದ್ದಾನೆ. ಅವನಿಗೆ ಇನ್ನೇನೂ ಕೆಲಸವಿಲ್ಲವಂತೆ."

ಚೆಲುವಮ್ಮ ಎಡಗಡೆ ಕೂತರು. ಕಾರು ಆ ಕಡೆಗೆ ಕುಸಿಯಿತು. ನುಗ್ಗೆಕಾಯಿಯಂತಿದ್ದ ಗುರುಗಳು ಬಲಗಡೆ ಕೂತು, ಕಾರನ್ನು ಅಂಗಳಕ್ಕೆ ತಂದು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದರು.

ಎಡ ಚಕ್ರದಲ್ಲಿ ಕರ್ರ್ ಎಂದಿತು.

ಸುಧನ್ವ ಓಡಿಬಂದು ಬಗ್ಗಿ ನೋಡಿದ. "ಸ್ಟ್ಯಾಂಡಿನ ಮೇಲೆ ತಾಗಿರಲಿಲ್ಲ ಗುರುಗಳೇ!"

"ಅಲ್ಲಿ ಚಕ್ರ ಏನು ಮಾಡುತ್ತಿತ್ತು?"

"ಕೆಳಕ್ಕೆ ಜೋತುಬಿದ್ದಿತ್ತು."

"ಈಗ?"

"ಭಾರಕ್ಕೆ ಕಾರು ತಗ್ಗಿದೆ. ಚಕ್ರ ಒಳಕ್ಕೆ ಏರಿದೆ." ಹೇಳಿದ ಮೇಲೂ ಅವನಿಗೆ ತಡೆಯಲಾಗಲಿಲ್ಲ. "ಆದರೂ ಇಷ್ಟು ಭಾರ ಹೊತ್ತು ಇಷ್ಟು ತಿರುಗಿಸುವವರು ಯಾರು?"

"ಏನು ಮರಿ, ಇಷ್ಟು ಭಾರ ಅಂದರೆ?" ಎಂದು ಚೆಲುವಮ್ಮ ಕಣ್ಣು ಬಿಟ್ಟರು.

ಗುರುಗಳು ಕೆಳಗಿಳಿದರು. "ಹೊರಡುವುದಾದರೆ ಹೊರಡಪ್ಪ. ಮಡ್‌ಗಾರ್ಡಿನ ಒಳಗನ್ನು ಯಾರು ಬಗ್ಗಿ ನೋಡುತ್ತಾರೆ?"

ಸುಧನ್ವ ಚೀಲ ಹೆಗಲಿಗೇರಿಸಿ ಗೇಟಿನವರೆಗೆ ಹೋದ. ನಿಂತ. ಮತ್ತೆ ನಾಲ್ಕು ಹೆಜ್ಜೆ ಹಾಕಿದ. ಕಿವಿಯೊಳಗೆ ಅದೇ ಕರ್ರ್. ರಸ್ತೆಯ ಬಸ್ಸು ಹಾರ್ನ್ ಹೊಡೆಯಿತು. ಅದರ ಸದ್ದಿಗೂ ಇದು ಅಡಗಲಿಲ್ಲ.

ತನ್ನನ್ನೇ ಬೈದುಕೊಳ್ಳುತ್ತ ಹಿಂತಿರುಗಿದ.

ಸಂಜೆ ಗುರುಗಳು ಷೆಡ್ಡಿಗೆ ಬಂದಾಗ ಎಡಗಡೆಯ ಕವಚ ಹೊಸ ಬಾಗಿನಲ್ಲಿ ಕೂತಿತ್ತು. ಕಾರು ನೆಲದ ಮೇಲೇ ಇತ್ತು. ಎಡ ಸೀಟಿನಲ್ಲಿ ಚೆಲುವಮ್ಮನ ಬದಲಿಗೆ ಅಕ್ಕಿಯ ಮೂಟೆಗಳು. ಸುಧನ್ವ ಬಲಗಡೆ ಮಂಡಿಯೂರಿ ಬೋಲ್ಟು ಬಿಚ್ಚುತ್ತಿದ್ದ.

"ಅದು ತಾಗಲಿಲ್ಲವಲ್ಲೋ?"

"ತಾಗಲಿಲ್ಲ. ಆ ಕಡೆ ಕೂತಿದ್ದವರು ನೀವು ಗುರುಗಳೇ."

"ಅಪ್ಪಣೆ ಕೇಳಲಿಲ್ಲ ನೀನು."

"ಇದು ಮುಗಿಯಲಿ. ಸ್ವಲ್ಪ ಬೆಳಕು ಬಿಡಿ, ಅಡ್ಡ ನಿಂತಿದ್ದೀರಿ."

ಗುರುಗಳು ಪಕ್ಕಕ್ಕೆ ಸರಿದು, ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಚೆಲುವಮ್ಮ, ಬೆಳಿಗ್ಗೆ ಇವನಿಗೆ ದಾರಿಯ ಬುತ್ತಿ ಕಟ್ಟು."