ಮೂರನೆಯ ಕೂಗು

ಮಕ್ಕಳೇ, ಈ ಕಥೆಯ ಒಂದೊಂದು ಅಕ್ಷರವೂ ನಿಜ. ನನ್ನ ಮೀಸೆಯಾಣೆ. ಇಂಥ ಮೀಸೆ ಸುತ್ತಲಿನ ತಾಲ್ಲೂಕುಗಳಲ್ಲಿ ಇನ್ನೊಂದಿಲ್ಲ, ಕೇಳಿ ನೋಡಿ.

ತುಂಗಭದ್ರೆಯ ದಡದಲ್ಲಿ ದುರುಗಪ್ಪ ಎಂಬ ಹರಿಗೋಲಿನವನಿದ್ದ. ಹೊಳೆಯ ನಡುವಿನ ದೊಡ್ಡ ಬಂಡೆಯ ಮೇಲೆ ಒಂದು ದೆವ್ವ ಕೂತಿರುತ್ತಿತ್ತು. ಮೊಣಕಾಲೆತ್ತರ, ಹಿಂದುಮುಂದಾದ ಪಾದ, ಕುಂಬಳಕಾಯಿಯಂಥ ತಲೆ. ಮಟಮಟ ಮಧ್ಯಾಹ್ನ ಬೇಕಾದವರ ದನಿಯಲ್ಲಿ ಕರೆದು, ಹೋದವರನ್ನು ಸುಳಿಗೆ ಎಳೆಯುತ್ತಿತ್ತು. ಆದರೆ ಅದಕ್ಕೆ ಬರುವುದು ಎರಡೇ ಕೂಗು. ಇಂಥ ವಿಚಾರದಲ್ಲಿ ದುರುಗಪ್ಪ ಊರಿಗೇ ಪಂಡಿತ. ಬಂಡೆಯ ಹತ್ತಿರ ಅವನು ಬಾಯಿಯನ್ನೇ ಬಿಡುತ್ತಿರಲಿಲ್ಲ.

ಬಂಡೆಯಾಚೆಯ ಮರಳುದಿಬ್ಬದಲ್ಲಿ ಅವನ ತಂಗಿ ಹುಲಿಗೆವ್ವ ಕಲ್ಲಂಗಡಿ ಬೆಳೆಯುತ್ತಿದ್ದಳು. ಬೆಳಿಗ್ಗೆ ಅವನೇ ಬಿಟ್ಟು ಬರುತ್ತಿದ್ದ. ಅವಳು ಬಂಡೆಯಿಂದ ದೂರ, ದಿಬ್ಬದ ಕೆಳತುದಿಯಿಂದ ಕೂಗಿದಾಗ ಹೋಗಿ ಕರೆತರುತ್ತಿದ್ದ.

"ಮೂರು ಸಲ ಕೂಗವ್ವ. ಎರಡಕ್ಕ ನಾ ಏಳಂಗಿಲ್ಲ," ಅಂದ ಆ ದಿನವೂ. "ನಿನ್ನ ದನಿ ನಿನಗ ತಿರುಗಿ ಕೇಳಿಸ್ತು ಅಂದ್ರ ಬಾಯಿ ಮುಚ್ಚಿಬಿಡು. ನನ್ನ ಸುಳಿಗೆ ಎಳೀಲಿಕ್ಕೆ ಅದು ನಿನ್ನ ದನಿ ಕದೀತಿರ್ತೈತಿ."

"ಕದೀಲಿ ಬಿಡಣ್ಣ. ನಿನ್ನ ಬೈಯೋ ಕೆಲಸಾನೂ ಅದಕ್ಕೇ ಒಪ್ಪಿಸ್ತೀನಿ," ಎಂದು ಅವಳು ನಕ್ಕಳು.

ಮಧ್ಯಾಹ್ನ, ಮೇಲೆಲ್ಲೋ ಸುರಿದ ಮಳೆಯ ನೀರು ದಿಬ್ಬದಾಚೆಯ ಹೊಳೆಯ ಕವಲಿಗೆ ನುಗ್ಗಿತು. ಈಚೆ ದಡದಲ್ಲಿದ್ದ ದುರುಗಪ್ಪನಿಗೆ ಅದು ಕಾಣಲಿಲ್ಲ. ನೀರು ಅಟ್ಟಿದ ಹಾಗೆಲ್ಲ ಹುಲಿಗೆವ್ವ ಹಿಂದೆ ಸರಿದು ಬಂಡೆಯ ಬುಡಕ್ಕೆ ಬಂದಿದ್ದಳು.

"ಯಣ್ಣಾ..."

ಅವನು ಹುಟ್ಟು ಹಿಡಿದು ಎದ್ದ. ತುಸು ತಡೆದು, ಅದೇ ದನಿಯಲ್ಲಿ ಮತ್ತೊಮ್ಮೆ, "ಯಣ್ಣಾ..."

ಹರಿಗೋಲಿನಲ್ಲಿ ಒಂದು ಕಾಲಿಟ್ಟು ಮೂರನೆಯದಕ್ಕೆ ಕಾದ. ಎದೆ ಹೋಗು ಅನ್ನುತ್ತಿತ್ತು. ಹೋಗಲಿಲ್ಲ. "ನನ್ನ ಹತ್ರಾನೇ ಆಟಾನ?" ಎಂದು ಬಂಡೆಯತ್ತ ಉಗುಳಿ ಕೂತ.

ಈಚೆಯ ನೀರೂ ಕೆಂಪಾದಾಗ ಎದ್ದುಬಿದ್ದು ಹರಿಗೋಲು ಹಾಕಿದ. ದಿಬ್ಬವೇ ಇರಲಿಲ್ಲ. ಕಲ್ಲಂಗಡಿಗಳು ತೇಲುತ್ತಿದ್ದವು. ಆಚೆ ದಡದಲ್ಲಿ ಕುರಿ ಕಾಯುವವಳೊಬ್ಬಳು ನಿಂತು ಅಳುತ್ತಿದ್ದಳು. "ಒಮ್ಮೆ ಕೂಗಿ, ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ಳಪ್ಪ. ನೀರು ಎದೆಗೆ ಬಂದ್ರೂ ಕೈ ತೆಗೀಲಿಲ್ಲ."

ಜನ್ಮದಲ್ಲಿ ಮೊದಲ ಸಲ ದುರುಗಪ್ಪ ಆ ಬಂಡೆಯ ಮುಂದೆ ಬಾಯಿ ಬಿಟ್ಟ. "ಹುಲಿಗೀ..." ಎಂದ. ತುಸು ತಡೆದು ಬಂಡೆ, ಅವನದೇ ದನಿಯಲ್ಲಿ, "ಹುಲಿಗೀ..." ಎಂದಿತು.

ನೀತಿ: ಕರೆದವರು ಯಾರೆಂದು ಎಣಿಸುತ್ತ ಕೂರಬೇಡಿ, ಕೂಗು ಕೇಳಿದರೆ ಏಳಿ. ಮೋಸಹೋದವನು ಒಂದು ದಿನ ಅದನ್ನು ಹೇಳಿಕೊಂಡು ನಕ್ಕಾನು. ಹೋಗದೆ ಉಳಿದವನಿಗೆ ಆ ದಿನ ಬರುವುದಿಲ್ಲ.

ಹಾಂ, ಎಲ್ಲ ನಿಜ ಅಂದೆನಲ್ಲ, ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿ ಹೇಳಿದ್ದು. ಬಂಡೆಯ ಮೇಲೆ ಯಾರೂ ಕೂತಿರಲಿಲ್ಲ.